ಪೂಜೆ ಮಾಡಿ ಕೆರೆಗೆ ಬಿಟ್ಟ ಬೇಳೆ ನೀರು

“ಬ್ಯಾಳಿ ತೊಳದ ನೀರಿನಿಂದ ಮೀನ ಸತ್ತಾವ ಅಂತ ಬರದು ಸಹಿ ಹಾಕೋ ಆಫೀಸರ್ ಈ ಸೀಮ್ಯಾಗ ಇನ್ನಾ ಹುಟ್ಟಿಲ್ರಿ.”

ಈ ಮಾತು ಹೇಳಿದವನು ಒಂದು ಬೇಳೆ ಕಾರ್ಖಾನೆಯ ಮ್ಯಾನೇಜರ್ ಸತೀಶ. ಹೇಳಿದ್ದು ನನ್ನ ಎದುರಿಗೇ, ನನ್ನ ಕಚೇರಿಯಲ್ಲೇ, ನಾನು ತರಿಸಿಕೊಟ್ಟ ಚಹಾ ಕುಡಿಯುತ್ತ. ಅವನಿಗೆ ಗೊತ್ತಿರಲಿಲ್ಲ. ಆ ಆಫೀಸರ್ ಹುಟ್ಟಿ ಮೂವತ್ತು ವರ್ಷದ ಮೇಲಾಗಿತ್ತು. ಹುಟ್ಟಿದ್ದು ಆಳಂದದಲ್ಲಿ, ಬೇಳೆ ಮಿಲ್ಲಿನಲ್ಲಿ ಕಾಳು ಹಸನು ಮಾಡುವ ಕೂಲಿಯವಳ ಹೊಟ್ಟೆಯಲ್ಲಿ.

ಅದು ಕೊರೊನಾ ಕಳೆದ ಮೇಲಿನ ಎರಡನೆಯ ಬೇಸಿಗೆ. ಮೀನುಗಾರಿಕೆ ಇಲಾಖೆಯಲ್ಲಿ ನಾನು ಅಫಜಲಪುರದ ತಾಲೂಕು ಅಧಿಕಾರಿ. ಆಳಂದ, ಜೇವರ್ಗಿಯ ಖಾಲಿ ಕುರ್ಚಿಗಳ ಪ್ರಭಾರವೂ ನನ್ನ ಕೊರಳಿಗೇ ಬಿದ್ದಿತ್ತು. ಕೆರೆಗಳಿಗೆ ಮೀನುಮರಿ ಬಿಡಿಸುವುದು, ಸಂಘಗಳಿಗೆ ಕೆರೆ ಗುತ್ತಿಗೆ ಕೊಡುವುದು, ಭೀಮಾ ನದಿಯಲ್ಲಿ ಬಲೆ ಹಾಕುವವರ ಪರವಾನಗಿ ನೋಡುವುದು ದಿನದ ಕೆಲಸ. ಕೆರೆಯಲ್ಲಿ ಮೀನು ಒಮ್ಮೆಲೇ ಸತ್ತರೆ ಹೋಗಿ ಪರೀಕ್ಷಿಸಿ, ಸತ್ತದ್ದು ಇಂಥ ಕಾರಣಕ್ಕೆ ಎಂದು ದೃಢೀಕರಣ ಪತ್ರ ಬರೆದುಕೊಡುವುದೂ ನನ್ನದೇ ಕೆಲಸ. ಜನ ಅದಕ್ಕೆ ‘ಮೀನಿನ ಡೆತ್ ಸರ್ಟಿಫಿಕೇಟ್’ ಎಂದು ನಗುತ್ತಾರೆ. ಆ ಬೇಸಿಗೆಯವರೆಗೆ ನಾನೂ ನಗುತ್ತಿದ್ದೆ.

ಒಂದು ಬೆಳಿಗ್ಗೆ ಭಾಗಮ್ಮನ ಫೋನು ಬಂತು. ಆಳಂದದಿಂದ ಅಫಜಲಪುರಕ್ಕೆ ಬರುವ ದಾರಿಯ ಒಂದು ಊರಿನಲ್ಲಿ ಮೀನುಗಾರರ ಸಂಘದ ಅಧ್ಯಕ್ಷೆ ಆಕೆ. ಊರಿನ ಹೆಸರು ಬರೆಯುವುದಿಲ್ಲ. ಅವರು ಇನ್ನೂ ಅದೇ ಕೆರೆಯ ಮೀನು ಮಾರಿ ಬದುಕಬೇಕು.

“ಸಾಹೇಬ್ರ, ನಮ್ಮ ಕೆರಿ ಬಾಯಿ ತಕ್ಕೊಂಡು ನಿಂತದ್ರಿ. ಲಗೂನ ಬರ್ರಿ” ಎಂದಳು. ನಮ್ಮ ಕಡೆ ಅಧಿಕಾರಿ ಹೆಂಗಸಾದರೂ ಸಾಹೇಬರೇ.

ಇಲಾಖೆಯ ಜೀಪು ಎಂದಿನಂತೆ ಗ್ಯಾರೇಜಿನಲ್ಲಿತ್ತು. ಬಸ್ಸು ಹಿಡಿದು, ಇಳಿದು, ಹೊಲದ ಬದುವಿನ ಮೇಲೆ ನಡೆದು ಹೋದೆ. ಕೆರೆಗಿಂತ ಮೊದಲು ಕೆರೆಯ ನಾತ ಎದುರಾಯಿತು. ಸತ್ತ ಮೀನಿನ ನಾತದ ಕೆಳಗೆ ಇನ್ನೊಂದು ಹುಳಿ ನಾತ ಇತ್ತು. ಅದು ನನಗೆ ಪರಿಚಿತ ಅನ್ನಿಸಿತು. ಎಲ್ಲಿಯದು ಎಂದು ಮಾತ್ರ ಆಗ ಹೊಳೆಯಲಿಲ್ಲ.

ನೀರಿನ ಮೇಲೆ ಕಾಟ್ಲಾ, ರೋಹು ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಎಲ್ಲವೂ ದೊಡ್ಡವು, ಇನ್ನೇನು ಹಿಡಿಯಬೇಕಾಗಿದ್ದವು. ಒಂದೊಂದರ ಬಾಯಿಯೂ ಅಗಲವಾಗಿ ತೆರೆದಿತ್ತು. ಭಾಗಮ್ಮ ಹೇಳಿದ ‘ಬಾಯಿ ತಕ್ಕೊಂಡು’ ಬರೀ ಮಾತಾಗಿರಲಿಲ್ಲ. ಸಿಗಡಿಗಳು ದಂಡೆಯಲ್ಲಿ ಬೆಳ್ಳಗೆ ಬಿದ್ದಿದ್ದವು. ಏಡಿಗಳು ನೀರು ಬಿಟ್ಟು ಬಿಸಿಲಲ್ಲಿ ಕಲ್ಲಿನ ಮೇಲೆ ಕೂತಿದ್ದವು. ಶಂಖದ ಹುಳುಗಳು ಜೊಂಡಿನ ಕಡ್ಡಿ ಹತ್ತಿ ಗೊಂಚಲಾಗಿ ಅಂಟಿಕೊಂಡಿದ್ದವು. ನೀರಿನಲ್ಲೇ ಹುಟ್ಟಿ ಬೆಳೆದ ಜೀವಗಳು ನೀರಿಗೆ ಹೆದರಿ ಓಡಿ ಬಂದಿದ್ದವು. ಮೀನು ಸಾಕುವ ಇಲಾಖೆಯಲ್ಲಿ ಇಷ್ಟು ವರ್ಷ ಕೆಲಸ ಮಾಡಿದ್ದೆ, ಇಂಥದ್ದು ನೋಡಿರಲಿಲ್ಲ.

ಭಾಗಮ್ಮ ಒಂದು ಕಾಟ್ಲಾವನ್ನು ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದಳು. “ಮರಿ ಇದ್ದಾಗ ಕಿರಬೆರಳಷ್ಟು ಇತ್ರಿ ಇದು” ಎಂದಳು.

ನಾನು ಕಚೇರಿಗೆ ವಾಪಸು ಮುಟ್ಟುವಷ್ಟರಲ್ಲಿ ಇನ್ನೊಂದು ಕಥೆ ಅಲ್ಲಿ ಬಂದು ಕೂತಿತ್ತು. ಕೆರೆಯ ಮೇಲ್ಗಡೆ ಹೊಸದಾಗಿ ಆದ ಬೇಳೆ ಕಾರ್ಖಾನೆಯವರು ಪೊಲೀಸರಿಗೆ ಒಂದು ದೂರು, ನಮ್ಮ ಮೇಲಧಿಕಾರಿಗೆ ಒಂದು ದೂರು ಕೊಟ್ಟಿದ್ದರು. ಸಂಘದವರು ಸುಲಭಕ್ಕೆ ಮೀನು ಹಿಡಿಯಲು ಕೆರೆಗೆ ವಿಷ ಹಾಕಿದ್ದಾರೆ, ಅದೇ ನೀರು ಕುಡಿದು ತಮ್ಮ ಕಾರ್ಮಿಕರಿಗೆ ಏನಾದರೂ ಆದರೆ ಹೊಣೆ ಯಾರು ಎಂದು. ವಿಷ ಹಾಕಿದ್ದು ಖರೆ ಎಂದಾದರೆ ಸಂಘದ ಗುತ್ತಿಗೆ ರದ್ದು, ಮುಂದೆ ಯಾವ ಕೆರೆಯೂ ಅವರಿಗೆ ಸಿಗುವುದಿಲ್ಲ, ಭಾಗಮ್ಮನ ಮೇಲೆ ಕೇಸು. ಆ ಸಂಘದಲ್ಲಿದ್ದವರಿಗೆ ಹೊಲವಿಲ್ಲ. ಕೆರೆಯೊಂದೇ ಇದ್ದದ್ದು.

ಎರಡು ದಿನದ ಮೇಲೆ ಸಾಕ್ಷಿಗೆ ಒಂದು ವರದಿಯೂ ಬಂತು. ಕಾರ್ಖಾನೆಯವರೇ ಕರೆಸಿದ ಪ್ರಯೋಗಾಲಯದವರು ನೀರು ಪರೀಕ್ಷಿಸಿದ್ದರು. ಅದರಲ್ಲಿ ಕರಗಿದ ಆಮ್ಲಜನಕ ಲೀಟರಿಗೆ ಹನ್ನೆರಡು ಮಿಲಿಗ್ರಾಂ ಎಂದಿತ್ತು. ಮೀನು ಉಸಿರಾಡುವುದು ನೀರಿನಲ್ಲಿ ಕರಗಿದ ಈ ಆಮ್ಲಜನಕವನ್ನೇ. ನಾವು ಸಾಕುವ ಮೀನಿಗೆ ಐದು ಮಿಲಿಗ್ರಾಂ ಇದ್ದರೆ ನೆಮ್ಮದಿ. ಹನ್ನೆರಡು ಇದೆ ಎಂದ ಮೇಲೆ ಉಸಿರು ಕಟ್ಟಿ ಸಾಯುವ ಮಾತೇ ಇಲ್ಲ, ಹಾಗಾದರೆ ವಿಷವೇ ಇರಬೇಕು ಎಂಬುದು ಅವರ ವಾದ.

ಮೇಲಧಿಕಾರಿ ಫೋನಿನಲ್ಲಿ ಹೇಳಿದರು: “ಗೊತ್ತಿಲ್ಲದ ವಿಷದಿಂದ ಅಂತ ಬರೆದು ಮುಗಿಸಿಬಿಡ್ರಿ. ಅಷ್ಟು ಮಂದಿಗೆ ಕೆಲಸ ಕೊಟ್ಟ ಫ್ಯಾಕ್ಟರಿ ಅದು.”

“ಸರ್, ವಿಷ ಆಗಿದ್ರ ಮರಲ್ ಮೀನೂ ಸಾಯಬೇಕಿತ್ತು” ಎಂದೆ.

ಹಾವಿನ ತಲೆಯಂಥ ತಲೆಯ ಮರಲ್ ಮೀನು ನಮ್ಮ ಕಡೆಯವರಿಗೆಲ್ಲ ಗೊತ್ತು. ಅದು ನೀರಿನ ಮೇಲೆ ಮೂತಿ ಎತ್ತಿ ಗಾಳಿಯನ್ನೇ ನುಂಗಿ ಉಸಿರಾಡಬಲ್ಲದು. ಕೆರೆಯಲ್ಲಿ ನೂರಾರು ಕಾಟ್ಲಾ ಸತ್ತು ತೇಲುತ್ತಿದ್ದರೆ ಅದರ ನಡುವೆ ಮರಲ್ ಆರಾಮವಾಗಿ ಓಡಾಡುತ್ತಿದ್ದವು. ವಿಷಕ್ಕೆ ಯಾವ ಮೀನು ಹೇಗೆ ಉಸಿರಾಡುತ್ತದೆ ಎಂಬ ಹಂಗು ಇರುವುದಿಲ್ಲ. ಉಸಿರು ಕಟ್ಟಿದಾಗ ಮಾತ್ರ ದೊಡ್ಡ ಮೀನು ಮೊದಲು ಹೋಗುತ್ತದೆ, ಗಾಳಿ ನುಂಗುವುದು ಉಳಿಯುತ್ತದೆ. ಇದು ಎಂ.ಎಸ್ಸಿ. ಪ್ರಾಣಿಶಾಸ್ತ್ರದ ಪಾಠ, ನನ್ನ ಊಹೆಯಲ್ಲ.

ಆ ಕಡೆಯಿಂದ ತಣ್ಣಗೆ ಬಂತು ಮಾತು: “ನಿಮ್ಮಂಥವರಿಗೆ ಆ ಕುರ್ಚಿ ಸಿಕ್ಕಿದ್ದ ಭಾಳಾತು. ಅದನ್ನ ಉಳಿಸಿಕೊಳ್ಳೋದು ನೋಡ್ರಿ.”

ನಿಮ್ಮಂಥವರು ಎಂದರೆ ಯಾರು ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಯಾರೂ ಹೈಸ್ಕೂಲಿನ ಮೆಟ್ಟಿಲು ಹತ್ತಿದವರಲ್ಲ. ಅಪ್ಪ ಅಡತಿ ಅಂಗಡಿಯಲ್ಲಿ ತೊಗರಿ ಚೀಲ ಹೊರುತ್ತಿದ್ದ. ಅವ್ವ ಮಿಲ್ಲಿನಲ್ಲಿ ತೊಗರಿ ನೆನೆಸಿದ ನೀರಿನಲ್ಲಿ ನಿಂತು ಕಾಳು ತೊಳೆಯುತ್ತಿದ್ದಳು, ಆಮೇಲೆ ಕೂತು ಬೇಳೆಯೊಳಗಿನ ಹರಳು ಆರಿಸುತ್ತಿದ್ದಳು. ಆಕೆ ಮನೆಗೆ ತಂದ ಮುರಿಗಾಳಿನ ನುಚ್ಚು ಉಂಡು ನಾನು ಓದಿದ್ದೇನೆ. ಹಾಸ್ಟೆಲಿನಲ್ಲಿ ಒಂದೇ ಮಂಚದ ಮೇಲೆ ಇಬ್ಬರು ಮಲಗಿ ಓದಿದ್ದೇನೆ. ಪರೀಕ್ಷೆ ಬರೆದಿದ್ದೇನೆ, ನೇಮಕವಾಗಿದ್ದೇನೆ. ಆ ಕುರ್ಚಿ ನನಗೆ ‘ಸಿಕ್ಕಿದ್ದಲ್ಲ’. ಫೋನು ಕೆಳಗಿಟ್ಟು ಮರುದಿನ ನೇರ ಕಾರ್ಖಾನೆಗೆ ಹೋದೆ.

ಅದು ಬರೀ ಬೇಳೆ ಒಡೆಯುವ ಮಿಲ್ಲಾಗಿರಲಿಲ್ಲ. ತೊಗರಿ, ಕಡಲೆಗಳನ್ನು ತೊಳೆದು, ನೆನೆಸಿ, ಅರ್ಧ ಬೇಯಿಸಿ, ಒಣಗಿಸಿ, ಪೇಟೆಯವರು ಐದು ನಿಮಿಷದಲ್ಲಿ ಸಾರು ಮಾಡಿಕೊಳ್ಳುವ ಹಾಗೆ ಪೊಟ್ಟಣ ಕಟ್ಟುವ ಜಾಗ. ತೊಳೆದ ನೀರು, ನೆನೆಸಿದ ನೀರು, ಬೇಯಿಸಿದ ನೀರು, ಮೂರೂ ಒಂದೇ ಚರಂಡಿಗೆ ಬೀಳುತ್ತಿದ್ದವು. ಹಳದಿ ಬಣ್ಣ, ಮೇಲೆ ನೊರೆ. ಬಗ್ಗಿ ಮೂಸಿದೆ. ಕೆರೆಯ ದಂಡೆಯ ಹುಳಿ ನಾತ ಎಲ್ಲಿಯದೆಂದು ಆಗ ನೆನಪಾಯಿತು. ಸಣ್ಣವಳಿದ್ದಾಗ ಅವ್ವ ಮಿಲ್ಲಿನಿಂದ ಬಂದ ಮೇಲೆ ಆಕೆಯ ಸೀರೆಯ ಅಂಚಿನಲ್ಲಿ ಇದೇ ನಾತ ಇರುತ್ತಿತ್ತು.

“ಈ ನೀರು ಎಲ್ಲಿ ಬಿಡ್ತೀರಿ?” ಎಂದು ಸತೀಶನನ್ನು ಕೇಳಿದೆ.

“ನಮ್ಮ ತೋಟಕ್ಕರಿ. ಒಂದು ಹನಿ ಕಾಂಪೌಂಡ್ ದಾಟಾಂಗಿಲ್ಲ” ಎಂದ. ಆಮೇಲೆ ನಕ್ಕ: “ದಾಟಿದ್ರೂ ಏನಾಗ್ತದ ಮೇಡಂ? ಇದೇನು ಆ್ಯಸಿಡ್ಡಾ? ಬ್ಯಾಳಿ ಕಟ್ಟು. ನಿಮ್ಮ ಮನ್ಯಾಗ ಕಟ್ಟಿನ ಸಾರು ಉಣ್ಣಾಂಗಿಲ್ಲೇನು? ಬಾಣಂತಿಗೆ ಕುಡಸ್ತೀವಿ ನಾವು ಇದನ್ನ.”

“ಬಾಣಂತಿ ನೀರಿನಾಗ ಮುಳುಗಿ ಉಸಿರಾಡಂಗಿಲ್ರಿ” ಎಂದು ಹೇಳಿ ಹೊರಬಂದೆ.

ಕಾರ್ಖಾನೆಯ ಹಿಂಬದಿಯಿಂದ ಕೆರೆಯ ಕಡೆಗೆ ನಡೆಯುತ್ತ ಬಂದೆ. ಕಪ್ಪು ಮಣ್ಣಿನಲ್ಲಿ ಒಂದು ಸಣ್ಣ ಕಾಲುವೆ ಸಿಕ್ಕಿತು. ಗುದ್ದಲಿಯಿಂದ ಅಚ್ಚುಕಟ್ಟಾಗಿ ತೋಡಿದ್ದು. ಅದರಲ್ಲಿ ಅದೇ ಹಳದಿ ನೀರು ಹರಿಯುತ್ತಿತ್ತು. ಅದು ಕೆರೆಗೆ ಕೂಡುವ ಬಾಯಿಯಲ್ಲಿ ಒಂದು ಕಲ್ಲು ನಿಲ್ಲಿಸಿದ್ದರು. ಕಲ್ಲಿಗೆ ಅರಿಶಿನ, ಕುಂಕುಮ. ಪಕ್ಕದಲ್ಲಿ ಒಣಗಿದ ತೆಂಗಿನ ಕರಟ, ಹಸಿರು ಬಳೆಯ ಚೂರು.

ಕೆರೆಗೆ ಹೊಸ ನೀರು ಬಂದಾಗ ಗಂಗಮ್ಮನಿಗೆ ಹೀಗೆ ಪೂಜೆ ಮಾಡುವುದು ನಮ್ಮ ಕಡೆಯ ಪದ್ಧತಿ. ಕದ್ದು ಹರಿದು ಬಂದ ನೀರಿಗೆ ಯಾರೂ ಬಳೆ ಏರಿಸುವುದಿಲ್ಲ. ಭಾಗಮ್ಮನ ಮನೆಗೆ ಹೋದೆ.

“ಭಾಗಮ್ಮ, ಕಾಲುವಿ ತೋಡಿದವರು ಯಾರು?”

“ನಮಗೇನ್ ಗೊತ್ರಿ” ಎಂದಳು, ನೆಲ ನೋಡುತ್ತ.

“ಮತ್ತ ಕಾಯಿ ಒಡದವರು ಯಾರು?”

ಬಾಗಿಲಲ್ಲಿ ನಿಂತಿದ್ದ ಆಕೆಯ ಗಂಡ ಒಳಗೆ ಬಂದು, “ಹೇಳಿಬಿಡು ಬೇ. ಇನ್ನೇನು ಉಳದದ” ಎಂದ.

ಆಗ ಹೊರಬಿತ್ತು. ಸುಗ್ಗಿ ಮುಗಿದ ಮೇಲೆ ಸತೀಶನೇ ಸಂಘದವರನ್ನು ಕರೆದು, ಬೇಳೆ ತೊಳೆದ ನೀರನ್ನು ಕೆರೆಗೆ ಬಿಡುತ್ತೇನೆ, ಮೀನು ಕೊಬ್ಬುತ್ತವೆ ಎಂದಿದ್ದ. ಇವರು ನಂಬಿದರು. ನಂಬದೆ ಏನು ಮಾಡುತ್ತಾರೆ? “ಮುಸರಿ ಹಾಕಿದ ಎಮ್ಮಿ ನಾಕ ಹೊತ್ತಿನಾಗ ಹೆಂಗ ಮೈ ತುಂಬತದ ನೋಡೀವಿ ಸಾಹೇಬ್ರ. ಮೀನಿಗೂ ಹಂಗ ಆಗ್ತದ ಅಂದ್ಕೊಂಡಿವಿ. ನಾವ ಕಾಲುವಿ ತೋಡಿ ಕೊಟ್ಟಿವಿ. ಉಡಿ ತುಂಬಿ ಕರಕೊಂಡಿವಿ.” ಮುಸರಿ ಎಂದರೆ ಅಡಿಗೆಮನೆಯ ಅಕ್ಕಿ, ಬೇಳೆ ತೊಳೆದ ನೀರು. ನಮ್ಮಲ್ಲಿ ಯಾರೂ ಅದನ್ನು ಚೆಲ್ಲುವುದಿಲ್ಲ, ದನಕ್ಕೆ ಇಡುತ್ತಾರೆ. ಆ ರೂಢಿಯನ್ನೇ ಹಿಡಿದು ಅವನು ಇವರ ಕೈಯಿಂದ ತನ್ನ ಚರಂಡಿ ತೋಡಿಸಿಕೊಂಡಿದ್ದ.

ಮೊದಮೊದಲು ಮೀನು ನಿಜಕ್ಕೂ ಬೆಳೆದವು. ಬೆಳೆಯುತ್ತವೆ. ಬೇಳೆಯ ಪಿಷ್ಟ, ಪ್ರೋಟೀನು ನೀರಿಗೆ ಗೊಬ್ಬರದ ಹಾಗೆ. ಹಸಿರು ಪಾಚಿ ಹುಲುಸಾಗಿ ಬರುತ್ತದೆ. ಬಂದ ಮೇಲೆ ನಿಲ್ಲುವುದಿಲ್ಲ. ಹೆಚ್ಚಾದ ಪಿಷ್ಟವನ್ನು ತಿನ್ನಲು ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಹುಟ್ಟುತ್ತವೆ. ಅವು ತಿನ್ನುತ್ತ ತಿನ್ನುತ್ತ ನೀರಿನ ಆಮ್ಲಜನಕವನ್ನೇ ಮುಗಿಸುತ್ತವೆ. ತಳದ ಕೆಸರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ನಾನು ಬೊಗಸೆಯಲ್ಲಿ ಕೆಸರು ಎತ್ತಿ ನೋಡಿದ್ದೆ. ಅದರಲ್ಲಿ ಆಮ್ಲಜನಕವಿಲ್ಲದೆಯೂ ದಿನ ತಳ್ಳುವ ಕೆಂಪು ಹುಳು ಬಿಟ್ಟು ಇನ್ನೇನೂ ಇರಲಿಲ್ಲ.

ಹಾಗಾದರೆ ವರದಿಯಲ್ಲಿ ಹನ್ನೆರಡು ಮಿಲಿಗ್ರಾಂ ಹೇಗೆ ಬಂತು? ಉತ್ತರ ಸರಳ. ಪ್ರಯೋಗಾಲಯದವರು ಬಂದಿದ್ದು ಮಟಮಟ ಮಧ್ಯಾಹ್ನ, ಕಾರ್ಖಾನೆಯಲ್ಲಿ ಊಟ ಮುಗಿಸಿ; ಊರವರು ನೋಡಿದ್ದರು. ಬಿಸಿಲಲ್ಲಿ ಪಾಚಿ ಆಮ್ಲಜನಕ ಉಗುಳುತ್ತದೆ, ನೀರು ಹಿಡಿದಿಡಲಾರದಷ್ಟು. ಹನ್ನೆರಡು ಎಂಬ ಅಂಕಿಯನ್ನು ನೋಡಿಯೇ ಅನುಮಾನ ಬರಬೇಕಿತ್ತು. ಸೂರ್ಯ ಮುಳುಗಿದ ಮೇಲೆ ಅದೇ ಪಾಚಿಯೂ ಆಮ್ಲಜನಕ ಎಳೆದುಕೊಳ್ಳುತ್ತದೆ. ನಸುಕಿನ ಹೊತ್ತಿಗೆ ಕೆರೆ ಖಾಲಿ. ಮೀನು ಸಾಯುವುದು ಆಗ. ಇವರ ಸೀಸೆ ತುಂಬುವುದು ಮಧ್ಯಾಹ್ನ!

ಬೇಳೆ ನೀರೇ ಕಾರಣ, ನಿಮ್ಮ ವರದಿ ಒಪ್ಪುವುದಿಲ್ಲ ಎಂದು ಕಾರ್ಖಾನೆಗೆ ಹೇಳಿಕಳಿಸಿದೆ. ಅದಕ್ಕೇ ಸತೀಶ ನನ್ನ ಕಚೇರಿಗೆ ಬಂದು, ಚಹಾ ಕುಡಿಯುತ್ತ, ಅಂಥ ಆಫೀಸರ್ ಇನ್ನೂ ಹುಟ್ಟಿಲ್ಲ ಎಂದದ್ದು. ನಾನು ಅವನಿಗೆ ಒಂದೇ ಮಾತು ಹೇಳಿದೆ: “ನಾಳೆ ನಸುಕಿನಾಗ ಕೆರಿ ದಂಡಿಗೆ ಬರ್ರಿ. ಹುಟ್ಟ್ಯಾಳೋ ಇಲ್ಲೋ ನೋಡೀರಂತ.”

ಇಲಾಖೆಯ ಆಮ್ಲಜನಕ ಅಳೆಯುವ ಯಂತ್ರ ಕೆಟ್ಟು ವರ್ಷವಾಗಿತ್ತು. ಪರವಾಗಿಲ್ಲ. ಯಂತ್ರವಿಲ್ಲದೆ ಪರೀಕ್ಷಿಸುವ ವಿಂಕ್ಲರ್ ವಿಧಾನವನ್ನು ನಾನು ಕಲಬುರಗಿಯಲ್ಲಿ ಓದುವಾಗ ಕೈ ನೋಯುವಷ್ಟು ಮಾಡಿದ್ದೆ. ಗಾಜಿನ ಸೀಸೆಗೆ ಗುಳ್ಳೆ ಬಾರದ ಹಾಗೆ ನೀರು ತುಂಬಿ ಎರಡು ರಾಸಾಯನಿಕ ಹಾಕಬೇಕು. ಆಮ್ಲಜನಕ ಇದ್ದರೆ ಒಳಗೆ ಚಹಾದಂಥ ಕಂದು ಬಣ್ಣದ ಗಸಿ ಇಳಿಯುತ್ತದೆ. ಇಲ್ಲದಿದ್ದರೆ ಬೆಳ್ಳಗೆ ಇಳಿಯುತ್ತದೆ. ಅಕ್ಷರ ಬಾರದವರೂ ನೋಡಿ ತಿಳಿಯಬಹುದು. ಅದಕ್ಕೇ ನನಗೆ ಆ ಪರೀಕ್ಷೆ ಬೇಕಾಗಿತ್ತು.

ಇನ್ನೂ ಮಬ್ಬು ಇದ್ದಾಗಲೇ ಊರಿನವರು, ಪಂಚನಾಮೆಗೆ ತಹಶೀಲ್ದಾರರ ಕಚೇರಿಯಿಂದ ಬಂದ ಶಿರಸ್ತೇದಾರರು, ಕಾರಿನಲ್ಲಿ ಸತೀಶ, ಎಲ್ಲರೂ ಸೇರಿದರು. ಉಳಿದಿದ್ದ ಸಣ್ಣ ಮೀನುಗಳು ನೀರಿನ ಮೇಲೆ ಬಾಯಿ ಎತ್ತಿ ಪಚ್ ಪಚ್ ಎಂದು ಗಾಳಿ ಹುಡುಕುತ್ತಿದ್ದವು. ಕೆರೆಯ ತುಂಬ ಅದೇ ಸದ್ದು. ಬೋರ್‌ವೆಲ್ಲಿನ ನೀರನ್ನು ಕೊಡದಿಂದ ಕೊಡಕ್ಕೆ ಎತ್ತಿ ಸುರಿದು, ಗಾಳಿ ಕೂಡಿಸಿ, ಒಂದು ಸೀಸೆಗೆ ಹಾಕಿದೆ. ಅದು ಕಂದಾಯಿತು. ಕೆರೆಯ ನೀರಿನ ಸೀಸೆಗೆ ಹಾಕಿದೆ.

ಬೆಳ್ಳಗೆ ಇಳಿಯಿತು. ಸುಣ್ಣದ ಹಾಗೆ.

“ಅಲ್ಲೇನಿಲ್ರಿ” ಎಂದು ಶಿರಸ್ತೇದಾರರು ಸೀಸೆಯನ್ನು ಬೆಳಕಿಗೆ ಹಿಡಿದು ತಮಗೆ ತಾವೇ ಹೇಳಿಕೊಂಡರು.

“ವಿಷ ಹಾಕಿದ್ರೂ ಹಂಗ ಬರ್ತದ” ಎಂದ ಸತೀಶ.

ಅದಕ್ಕೂ ತಯಾರಾಗಿ ಬಂದಿದ್ದೆ. ಎರಡು ಬಕೆಟ್ಟಿನಲ್ಲಿ ಅದೇ ಕೆರೆಯ ನೀರು. ಒಂದಕ್ಕೆ ಮನೆಯ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವವರು ಬಳಸುವ ಗುಳ್ಳೆ ಬಿಡುವ ಸಣ್ಣ ಪಂಪು. ಅದು ಚೆನ್ನಾಗಿ ಗುಳ್ಳೆ ಬಿಟ್ಟ ಮೇಲೆ, ಇಲಾಖೆಯ ಮರಿಕೇಂದ್ರದಿಂದ ತಂದ ಮೀನುಮರಿಗಳನ್ನು ಎರಡಕ್ಕೂ ಬಿಟ್ಟೆ. ಗುಳ್ಳೆ ಇಲ್ಲದ ಬಕೆಟ್ಟಿನಲ್ಲಿ ಮರಿಗಳು ಸ್ವಲ್ಪ ಹೊತ್ತಿಗೇ ಮೇಲೆ ಬಂದು ಬಾಯಿ ಬಿಡತೊಡಗಿದವು. ಗುಳ್ಳೆ ಇದ್ದ ಬಕೆಟ್ಟಿನಲ್ಲಿ ಓಡಾಡುತ್ತಿದ್ದವು.

“ಎರಡೂ ಒಂದ ಕೆರಿ ನೀರು. ವಿಷ ಇದ್ರ ಎರಡರಾಗೂ ಸಾಯಬೇಕಲ್ರಿ?” ಎಂದೆ. ಬಾಯಿ ಬಿಡುತ್ತಿದ್ದ ಮರಿಗಳನ್ನೂ ಎತ್ತಿ ಗುಳ್ಳೆಯ ಬಕೆಟ್ಟಿಗೆ ಹಾಕಿದೆ. ಅವೂ ಚೇತರಿಸಿಕೊಂಡವು. ಒಬ್ಬ ಮುದುಕ ಚಪ್ಪಾಳೆ ತಟ್ಟಿದ.

ಸತೀಶ ಸಿಟ್ಟಿಗೆದ್ದ. ಸಿಟ್ಟಿನಲ್ಲಿ ಬುದ್ಧಿ ಕೈಕೊಟ್ಟಿತು. “ಈ ಮಂದಿ ತಾವ ಕೇಳಿ ನೀರು ಹಾಕಿಸಿಕೊಂಡಾರ! ನೋಡ್ರಿ ಬೇಕಾದ್ರ” ಎಂದು ಮೊಬೈಲ್ ತೆಗೆದು ಶಿರಸ್ತೇದಾರರ ಮುಂದೆ ಹಿಡಿದ. ಫೋಟೋದಲ್ಲಿ ಕಾಲುವೆ ಇತ್ತು, ಅರಿಶಿನದ ಕಲ್ಲಿತ್ತು, ಭಾಗಮ್ಮ ಆರತಿ ಹಿಡಿದು ನಿಂತಿದ್ದಳು, ಕಾಯಿ ಒಡೆಯುತ್ತ ಸತೀಶನೇ ನಗುತ್ತಿದ್ದ. ಹಿಂದೆ ಹಳದಿ ನೀರು ಕೆರೆಗೆ ಧುಮುಕುತ್ತಿತ್ತು.

“ಒಂದು ಹನಿ ಕಾಂಪೌಂಡ್ ದಾಟಾಂಗಿಲ್ಲ ಅಂದಿದ್ರಲ್ರಿ” ಎಂದೆ.

ಭಾಗಮ್ಮನ ಗಂಡ ನಗತೊಡಗಿದ. “ಸಾವಕಾರ್ರ, ಆ ಫೋಟೋ ನಮಗೊಂದು ಕೊಡ್ರಿ. ಗ್ವಾಡಿಗೆ ಹಾಕ್ತೇವಿ.”

ಭಾಗಮ್ಮ ನಗಲಿಲ್ಲ. ಶಿರಸ್ತೇದಾರರ ಮುಂದೆ ಬಂದು ನಿಂತು, “ಖರೆ ಅದರಿ. ಕಾಲುವಿ ತೋಡಿದವರು ನಾವ. ಅನ್ನದ ನೀರು ಅಂತ ತಿಳದು ಕೈ ಮುಗದೀವಿ. ಇವರಿಗೆ ಗೊತ್ತಿತ್ತಲ್ರಿ ಅದು ಏನಂತ?” ಎಂದಳು. ಪಂಚನಾಮೆಯಲ್ಲಿ ಆ ಮಾತನ್ನೂ ಬರೆಸಿದೆ. ಮುಚ್ಚಿಡುವುದು ಬೇಡವೆಂದು ನಾನೇ ಆಕೆಗೆ ಹೇಳಿದ್ದೆ. ಮೋಸಹೋದದ್ದು ಅಪರಾಧವಲ್ಲ.

ದೃಢೀಕರಣ ಪತ್ರವನ್ನು ಅಂದೇ ಬರೆದೆ. ‘ಆಹಾರ ಸಂಸ್ಕರಣಾ ಘಟಕದ ಸಂಸ್ಕರಿಸದ ತ್ಯಾಜ್ಯನೀರು ಕೆರೆಗೆ ಸೇರಿ ಕರಗಿದ ಆಮ್ಲಜನಕ ಇಲ್ಲವಾದ್ದರಿಂದ ಮೀನುಗಳೂ ಇತರ ಜಲಚರಗಳೂ ಸತ್ತಿವೆ, ವಿಷದ ಲಕ್ಷಣಗಳು ಕಂಡುಬಂದಿಲ್ಲ.’ ‘ಇತರ ಜಲಚರಗಳು’ ಎಂಬಲ್ಲಿ ಏಡಿ, ಸಿಗಡಿ, ಶಂಖದ ಹುಳು ಎಂದು ಹೆಸರು ಹಿಡಿದು ಬರೆದೆ. ಅವಕ್ಕೆ ಸಂಘವಿಲ್ಲ, ಅಧ್ಯಕ್ಷೆಯಿಲ್ಲ, ಕೇಳುವವರಿಲ್ಲ. ಮೇಲಧಿಕಾರಿ ಆ ಸಾಲು ತೆಗೆಯಲು ಹೇಳಿದರು. ತೆಗೆಯಲಿಲ್ಲ. ಪಂಚನಾಮೆಗೆ ಊರೇ ಸಹಿ ಹಾಕಿತ್ತು, ಅವರೂ ಏನೂ ಮಾಡುವಂತಿರಲಿಲ್ಲ. ಸಂಘದ ಮೇಲಿನ ದೂರು ಬಿದ್ದುಹೋಯಿತು, ಕೆರೆ ಅವರಿಗೇ ಉಳಿಯಿತು. ಕಾರ್ಖಾನೆಗೆ ನೋಟಿಸು ಹೋಗಿ, ಕೆಲವು ತಿಂಗಳು ಬಾಗಿಲು ಹಾಕಿ, ಕೊನೆಗೆ ನೀರು ಶುದ್ಧ ಮಾಡುವ ತೊಟ್ಟಿ ಕಟ್ಟಿಸಿದರು. ಸತೀಶ ಬೇರೆ ಊರಿನ ಬೇರೆ ಕಾರ್ಖಾನೆಗೆ ಹೋದನಂತೆ. ಅಲ್ಲಿ ಯಾವ ಕೆರೆಗೆ ಕಾಯಿ ಒಡೆಯುತ್ತಿದ್ದಾನೋ. ಇಷ್ಟಕ್ಕೆ ನ್ಯಾಯ ಎನ್ನಲು ನನಗೆ ಇವತ್ತಿಗೂ ನಾಲಗೆ ಏಳುವುದಿಲ್ಲ.

ಆ ಕೆಲಸ ನನಗೆ ಕಲಿಸಿದ್ದು ಇದು: ಜೀವ ಒದ್ದಾಡುವ ಹೊತ್ತಿಗೆ ಅಲ್ಲಿರಬೇಕು. ಕಚೇರಿಯ ಬಾಗಿಲು ತೆರೆದು, ಕಾರು ಬಂದು, ಊಟ ಮುಗಿದ ಮೇಲೆ ಹೋದರೆ ಎಲ್ಲ ಕೆರೆಗಳೂ ಚೆನ್ನಾಗಿಯೇ ಇರುತ್ತವೆ. ಎಲ್ಲ ವರದಿಗಳೂ ಹನ್ನೆರಡು ಮಿಲಿಗ್ರಾಂ ಎನ್ನುತ್ತವೆ.

ಪತ್ರ ಬರೆದ ವಾರದಲ್ಲೇ ಅದನ್ನು ಕೊಡಲು ಭಾಗಮ್ಮನನ್ನು ಕಚೇರಿಗೆ ಕರೆದಿದ್ದೆ. ಬರಲಿಲ್ಲ. “ವಿಷ ಹಾಕಿದಾಕಿ ಅಂತ ಅನ್ನಿಸಿಕೊಂಡಿದ್ದು ಕೆರಿ ದಂಡಿ ಮ್ಯಾಲರಿ. ಅಲ್ಲೇ ಕೊಡ್ರಿ” ಎಂದಳು. ನ್ಯಾಯದ ಮಾತು. ಹೊರಟಾಗ ಆಳಂದದಿಂದ ಬಂದಿದ್ದ ಅವ್ವ, “ನಿನ್ನ ಮೀನಿನ ಕೆರಿ ನಾನೂ ನೋಡ್ತೇನಿ” ಎಂದು ಚಪ್ಪಲಿ ಮೆಟ್ಟಿ ನಿಂತಳು.

ದಂಡೆಯ ಮೇಲೆ ಊರು ಸೇರಿತ್ತು. ಕಾಲುವೆಯನ್ನು ಮುಚ್ಚಿದ್ದರು, ಅರಿಶಿನದ ಕಲ್ಲನ್ನು ಕಿತ್ತು ಬದಿಗಿಟ್ಟಿದ್ದರು. ಪತ್ರವನ್ನು ಜೋರಾಗಿ ಓದಿ ಭಾಗಮ್ಮನ ಕೈಗೆ ಕೊಟ್ಟೆ. ಆಕೆ ಅದನ್ನು ಕಣ್ಣಿಗೆ ಒತ್ತಿಕೊಂಡು, ಅವ್ವನ ಕೈಗೆ ಇಟ್ಟಳು. ಓದಲು ಬಾರದ ಅವ್ವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಬ್ಯಾಳಿ ನೀರು ಕೊಳತ್ರ ನಾರ್ತದ ಅಂತ ಬರಿಯಾಕ ಇಷ್ಟು ವರ್ಷ ಸಾಲಿ ಕಲ್ತೇನು?” ಎಂದಳು ನನಗೆ. ಊರೆಲ್ಲ ನಕ್ಕಿತು. ನಾನೂ ನಕ್ಕೆ. ಅವ್ವ ನಗಲಿಲ್ಲ. ಪತ್ರವನ್ನು ಭಾಗಮ್ಮನಿಗೆ ಮರಳಿಸಿ ಹೇಳಿದಳು:

“ಮಿಲ್ಲಿನಾಗ ಈ ನೀರಿನಾಗ ನಿಂತು ನಿಂತು ನನ್ನ ಕಾಲು ಕೊಳತಾಗ ನಾನೂ ಇದ ಹೇಳೀನಿ ಬೇ. ಕಾಳು ಹಸನ ಮಾಡು, ಬಾಯಿ ಮುಚ್ಚು ಅಂದ್ರು. ಮುಚ್ಚೀನಿ. ಈಗ ನನ್ನ ಮಗಳು ಬರದು ಕೊಟ್ಟಾಳ. ಇದರ ಬಾಯಿ ಮುಚ್ಚಸಲಿ ನೋಡೂಣು.”